ಸೀರೆಗೆ ಬೆಂಕಿ ಹತ್ತಿದ್ದು ಯಾವ ಹೊತ್ತಿಗೆ?

ಕಲಬುರಗಿ

ಪ್ರಿಯ ಲೇಖಕರೇ, ಶರಣು.

ನಮ್ಮ ಕಡೆ ಭಾನಾಮತಿಯೆಂದು ಕರೆಯುವ ಮಾಟದ ಬಗ್ಗೆ ನೀವು ಬರೆದ ‘ಭಾನಾಮತಿ: ಉಂಟೇ, ಇಲ್ಲವೇ?’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ‘ಸ್ಥಳಾಭಾವದಿಂದ’ ಎಂಬ ಹಳೆಯ ಒಕ್ಕಣೆಯಲ್ಲಿ ಎರಡು ಸಾಲು ಬರೆದು ಮುಗಿಸುವಷ್ಟು ಸಾಧಾರಣ ಬರಹವೂ ಅದಲ್ಲವಾದ್ದರಿಂದ ಈ ಉದ್ದನೆಯ ಪತ್ರ ಬರೆಯುತ್ತಿದ್ದೇನೆ.

ಚಿಂಚೋಳಿ ಕಡೆಯ ಹಳ್ಳಿಯಲ್ಲಿ ನಿಮ್ಮ ಕಾಕಿಯವರ ಮನೆಯೊಳಗೆ ಒಂದೇ ವಾರದಲ್ಲಿ ನಾಲ್ಕು ಸಲ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತೆಂದೂ, ಅವರ ಮಗಳ ತೋಳಿನ ಮೇಲೆ ಗೀರುಗಳು ಮೂಡಿದವೆಂದೂ, ಕೊನೆಗೆ ಓಣಿಯ ಒಬ್ಬ ವಿಧವೆಯ ಮೇಲೆ ಊರವರ ಸಂಶಯ ನಿಂತಿತೆಂದೂ ಬರೆದಿದ್ದೀರಿ. ಮೊದಲ ಎರಡು ಪುಟಗಳಲ್ಲಿ ನೀವು ನಿಜವಾಗಿಯೂ ಬರಹಗಾರರು. ಸುಟ್ಟ ಇಳಕಲ್ ಸೀರೆಯ ಸೆರಗನ್ನು ಎಸೆಯಲೂ ಆಗದೆ, ಕಣ್ಣೆದುರು ಇಟ್ಟುಕೊಳ್ಳಲೂ ಆಗದೆ, ಕಾಕಿಯವರು ಅದನ್ನು ಮಡಚಿ ಜೋಳದ ಚೀಲದ ಹಿಂದೆ ಇಟ್ಟರೆಂಬ ವಾಕ್ಯವನ್ನು ಓದಿದಾಗ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ನೀವು ಆ ಮನೆಯಿಂದ ಎದ್ದು ಭಾಷಣಕ್ಕೆ ನಿಂತಿದ್ದೀರಿ. ಅಲ್ಲಿಂದ ಮುಂದೆ ಚಂದ್ರಯಾನ, ಮೊಬೈಲು, ಮೂಢ ಜನತೆ. ಕೊನೆಗೆ ‘ನಂಬುವವರಿಗೆ ಉಂಟು, ನಂಬದವರಿಗೆ ಇಲ್ಲ’ ಎಂಬ ತೀರ್ಪು.

ನನ್ನ ಮುಖ್ಯ ತಕರಾರು ಈ ತೀರ್ಪಿನ ಬಗ್ಗೆಯೇ ಇದೆ. ದೇವರ ವಿಷಯದಲ್ಲಿ ಹಾಗೆ ಹೇಳಿದರೆ ಒಪ್ಪಬಹುದು. ಸೀರೆ ಸುಟ್ಟದ್ದು ನಂಬಿಕೆಯ ವಿಷಯವಲ್ಲ; ಅದು ಒಂದು ದಿನ, ಒಂದು ಹೊತ್ತಿಗೆ, ಒಂದು ಹಗ್ಗದ ಮೇಲೆ ಸುಟ್ಟಿದೆ. ಅದು ಹಸಿಯಿತ್ತೇ, ಒಣಗಿತ್ತೇ? ಒಗೆದು ಹಾಕಿದವರು ಯಾರು, ಮೊದಲು ಕೂಗಿದವರು ಯಾರು? ನಾಲ್ಕೂ ಸಲ ಮನೆಯಲ್ಲಿ ಇದ್ದವರು ಯಾರು? ಇವುಗಳಲ್ಲಿ ಒಂದಕ್ಕೂ ನಿಮ್ಮ ಏಳು ಪುಟಗಳಲ್ಲಿ ಉತ್ತರವಿಲ್ಲ.

ಹೊತ್ತನ್ನು ಕೇಳುವುದಕ್ಕೆ ಕಾರಣವಿದೆ. ಬಿಳಿ ರಂಜಕವನ್ನು ನೀರಿನಲ್ಲಿ ಮುಳುಗಿಸಿಯೇ ಇಡುತ್ತಾರೆ, ಏಕೆಂದರೆ ಗಾಳಿ ತಗುಲಿದರೆ ಅದು ಸುಮಾರು 30 ಡಿಗ್ರಿಯ ಆಸುಪಾಸಿನಲ್ಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಒದ್ದೆ ಬಟ್ಟೆಯ ಮಡಿಕೆಯಲ್ಲಿ ಅದರ ಚೂರು ಸೇರಿದ್ದರೆ ನೀರು ಆರುವವರೆಗೆ ಏನೂ ಕಾಣಿಸದು. ನಮ್ಮ ಭಾಗದ ಬೇಸಿಗೆಯ ಬಿಸಿಲಿಗೆ ನೀರು ಆರಲು ಎಷ್ಟು ಹೊತ್ತು ಬೇಕೆಂಬುದು ನಿಮಗೇ ಗೊತ್ತು. ತೋಳಿನ ಗೀರುಗಳ ಮಾತೂ ಹಾಗೆಯೇ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ರಸ ಚರ್ಮಕ್ಕೆ ತಾಗಿದರೆ, ತಾಗಿದ ಗಳಿಗೆಯಲ್ಲಿ ಅಲ್ಲ, ಎಷ್ಟೋ ಹೊತ್ತಿನ ಮೇಲೆ ಬೊಬ್ಬೆ ಏಳುತ್ತದೆ. ಹಾಗೆಂದು ನಿಮ್ಮ ಕಾಕಿಯವರ ಮನೆಯಲ್ಲಿ ನಡೆದದ್ದು ಇದೇ ಎಂದು ಕಲಬುರಗಿಯ ಕುರ್ಚಿಯಲ್ಲಿ ಕುಳಿತು ನಾನು ಹೇಳಿದರೆ, ಹೇಳಿಕೆ ಕೇಳಲು ಬಂದವರಿಗೆ ಲಿಂಬೆಹಣ್ಣು ಕೊಯ್ದು ಕಾರಣ ಹೇಳುವವನಿಗೂ ನನಗೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ. ಕಡ್ಡಿ ಗೀರದೆಯೂ ಬೆಂಕಿ ಹುಟ್ಟಬಹುದು ಎಂಬಷ್ಟನ್ನು ಮಾತ್ರ ಹೇಳುತ್ತಿದ್ದೇನೆ. ಉಳಿದುದನ್ನು ಅಲ್ಲಿಗೆ ಹೋಗಿಯೇ ಕೇಳಬೇಕು.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಹೊಸದಾಗಿ ಉಪಸಂಪಾದಕನಾಗಿ ಸೇರಿದ್ದ ದಿನಗಳಲ್ಲಿ, ಮನೆಯೊಂದರ ಮೇಲೆ ರಾತ್ರಿ ಕಲ್ಲು ಬೀಳುತ್ತಿವೆ ಎಂಬ ಸುದ್ದಿಗೆ, ಊರಿಗೆ ಹೋಗದೆಯೇ, ‘ನಿಗೂಢ ಕಲ್ಲುಮಳೆ’ ಎಂಬ ತಲೆಬರಹ ಕೊಟ್ಟೆ. ಮರುದಿನದಿಂದ ಟೆಂಪೊ ಮಾಡಿಕೊಂಡು ಜನ ನೋಡಲು ಬಂದರು, ಮನೆಯೆದುರು ಚಹಾದ ಅಂಗಡಿಯೂ ಬಂತು. ಕಲ್ಲು ಎಸೆಯುತ್ತಿದ್ದವನು ಅದೇ ಮನೆಯ ಹುಡುಗನೆಂದು ತಿಳಿಯುವ ಹೊತ್ತಿಗೆ, ಮಾಟ ಮಾಡಿಸಿದರೆಂಬ ಆರೋಪ ಹೊತ್ತ ಪಕ್ಕದ ಮನೆಯವರು ಊರು ಬಿಟ್ಟಾಗಿತ್ತು. ತಿದ್ದುಪಡಿ ಒಳಪುಟದಲ್ಲಿ ಎರಡು ಸಾಲು ಬಂತು.

ಕಾನೂನು ‘ನಂಬಿಕೆಯನ್ನು ನಿಷೇಧಿಸಿದೆ’ ಎಂದು ನೀವು ಬರೆದದ್ದು ತಪ್ಪು. 2017ರಲ್ಲಿ ವಿಧಾನಮಂಡಲ ಒಪ್ಪಿ 2020ರ ಜನವರಿಯಲ್ಲಿ ಜಾರಿಗೆ ಬಂದ, ಜನ ಮೌಢ್ಯ ನಿಷೇಧ ಕಾಯ್ದೆಯೆಂದು ಕರೆಯುವ ಆ ಕಾಯ್ದೆ ನಂಬಿಕೆಯನ್ನು ನಿಷೇಧಿಸಿಲ್ಲ. ಯಾತ್ರೆ, ಪ್ರದಕ್ಷಿಣೆಗಳನ್ನಷ್ಟೇ ಅಲ್ಲ, ಜ್ಯೋತಿಷ್ಯ, ವಾಸ್ತುಗಳ ಸಲಹೆಯನ್ನೂ ಅದು ಮುಟ್ಟುವುದಿಲ್ಲ. (ಇದು ಸರಿಯೇ ಎಂಬುದು ಬೇರೆಯೇ ಲೇಖನಕ್ಕಾಗುವ ಮಾತು.) ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಹಗ್ಗದಿಂದ ಕಟ್ಟುವುದು ಮೊದಲಾದ ಕೃತ್ಯಗಳು ಅದರ ಪ್ರಕಾರ ಅಪರಾಧ. ಪವಾಡಗಳ ಪರಿಶೀಲನೆಗೆ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರನ್ನು ನೀವು ‘ನಾಸ್ತಿಕ’ ಎಂಬ ಒಂದು ಮಾತಿನಲ್ಲಿ ಮುಗಿಸಿದ್ದೀರಿ. ಅವರು ಕೇಳಿದ್ದು ಪರೀಕ್ಷೆಗೆ ಅವಕಾಶವನ್ನು. ಅಷ್ಟನ್ನು ಕೇಳಲು ನಾಸ್ತಿಕನಾಗಬೇಕಿಲ್ಲ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ನಮ್ಮ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾಗಲೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟ ಘಟನೆಯನ್ನೂ ಎಳೆದು ತಂದು, ‘ಅನಕ್ಷರತೆಯ ಫಲ’ ಎಂದಿದ್ದೀರಿ. ಆ ಮಕ್ಕಳು ಅತ್ತಾಗ ಎದೆ ಒಡೆದುಕೊಂಡೂ ಅಲ್ಲಿಯೇ ನಿಂತಿರಬಹುದಾದ ತಾಯಂದಿರು ಅದಕ್ಕೂ ಮೊದಲು ಎಷ್ಟು ದವಾಖಾನೆಗಳ ಬಾಗಿಲು ತಟ್ಟಿದ್ದರೆಂದು ನೀವು ಕೇಳಿಲ್ಲ. ಕೇಳದಿದ್ದರೆ ಆ ಪ್ಯಾರಾವನ್ನು ತೆಗೆದುಬಿಡಿ. ಮಕ್ಕಳನ್ನು ಉದಾಹರಣೆಗೆಂದು ಇನ್ನೊಮ್ಮೆ ಹೂಳುವುದು ಬೇಡ.

ಎಲ್ಲಕ್ಕಿಂತ ಹೆಚ್ಚಾಗಿ, ಸಂಶಯಕ್ಕೆ ಗುರಿಯಾದ ಆ ವಿಧವೆಗೆ ನಿಮ್ಮ ಲೇಖನದಲ್ಲಿ ಸಿಕ್ಕಿರುವುದು ಒಂದೇ ವಾಕ್ಯ, ಅದರಲ್ಲಿಯೂ ಆಕೆಗೆ ಮಾತಿಲ್ಲ. ಬೋರ್‌ವೆಲ್ಲಿನ ಬಳಿ ಆಕೆಯ ಕೊಡವನ್ನು ಈಗ ಎಷ್ಟನೆಯ ಪಾಳಿಗೆ ಇಡಬಿಡುತ್ತಾರೆ, ಮಕ್ಕಳು ಆಕೆಯ ಅಂಗಳ ದಾಟುತ್ತಾರೋ ಇಲ್ಲವೋ, ಬೆಂಕಿಯ ಬಗ್ಗೆ ಆಕೆಯ ಲೆಕ್ಕವೇನು ಎಂಬುದನ್ನು ತಿಳಿಯದೆ ಈ ಲೇಖನ ಪೂರ್ತಿಯಾಗದು. ಆಕೆಯೂ ಭಾನಾಮತಿಯನ್ನು ನಂಬುವವಳೇ ಆಗಿರಬಹುದು. ಹಾಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ತೊಗರಿಯ ರಾಶಿ ಮುಗಿದು ಜನ ಮನೆಯಲ್ಲಿ ಸಿಗುವ ಹೊತ್ತಿಗೆ ಹೋಗಿ ಬನ್ನಿ. ಊರಿನ ಹೆಸರು, ಆಕೆಯ ಹೆಸರು ಎರಡೂ ಬೇಡ. ಮೂರನೆಯ ಪುಟದಿಂದ ಮುಂದಿನದನ್ನೆಲ್ಲ ಹೊಡೆದು ಹಾಕಿ, 1,500 ಪದಗಳೊಳಗೆ ಮತ್ತೆ ಬರೆದು ಕಳಿಸಿ. ಸೆರಗನ್ನು ಜೋಳದ ಚೀಲದ ಹಿಂದೆ ಇಟ್ಟ ವಾಕ್ಯವನ್ನು ಮಾತ್ರ ಮುಟ್ಟಬೇಡಿ.

ನಿಮ್ಮವ,
ಸಂಪಾದಕ