ಸ್ಮಾರ್ಟ್ ಬೋರ್ಡ್ ಬಂದಾಯಿತು, ಈಗ ಮಕ್ಕಳು ಯೋಚಿಸುವಂತೆ ಮಾಡುವುದು ಹೇಗೆ?

ಪಠ್ಯಕ್ರಮದಲ್ಲಿ ತಂತ್ರಜ್ಞಾನ ಮತ್ತು ಉನ್ನತ ಮಟ್ಟದ ಆಲೋಚನೆಯ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಆದ್ದರಿಂದ ಈ ಸಲ ಒಂದಕ್ಕೆ ವಿವರವಾಗಿ ಉತ್ತರಿಸಿ, ಉಳಿದವಕ್ಕೆ ಅವು ಬೇಡುವಷ್ಟೇ ಜಾಗ ಕೊಟ್ಟಿದ್ದೇನೆ. ಬ್ಲೂಮ್ ಯಾರು, ಪಾಠಯೋಜನೆಯ ನಮೂನೆ ಹೇಗಿರಬೇಕು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಬಿ.ಎಡ್. ಮುಗಿಸಿದವರಿಗೆ ಅಷ್ಟು ತಿಳಿದಿರಬೇಕು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ಪ್ರತಿ ಪಾಠದಲ್ಲೂ ಉನ್ನತ ಆಲೋಚನಾ ಕೌಶಲದ ಪ್ರಶ್ನೆಗಳು ಕಾಣಬೇಕೆಂದು ವಿಷಯ ಪರಿವೀಕ್ಷಕರು ಹೇಳುತ್ತಾರೆ. ತರಗತಿಯಲ್ಲಿ 46 ಮಕ್ಕಳಿದ್ದಾರೆ, ಕಂಪ್ಯೂಟರ್ ಒಂದೇ. ಯಾವ ಆ್ಯಪ್ ಬಳಸಿದರೆ ಒಳ್ಳೆಯದು?

ಆ್ಯಪ್‌ನ ಹೆಸರನ್ನು ಕೊನೆಯಲ್ಲಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಮುಖ್ಯವಾದದ್ದು ಅದೇ.

ಮೊದಲು ಪರಿವೀಕ್ಷಕರ ಮಾತನ್ನು ನೋಡೋಣ. ಪ್ರಶ್ನೆಯ ಕೊನೆಗೆ 'ವಿಶ್ಲೇಷಿಸಿ', 'ಸಮರ್ಥಿಸಿ' ಎಂದು ಸೇರಿಸಿದರೆ ಪ್ರಶ್ನೆಯ ಮಟ್ಟ ಏರುತ್ತದೆಂಬ ನಂಬಿಕೆ ನಮ್ಮ ತರಬೇತಿಗಳಲ್ಲಿ ಬೇರುಬಿಟ್ಟಿದೆ. ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ, 2001ರಲ್ಲಿ ಪರಿಷ್ಕರಣೆಗೊಂಡ ವರ್ಗೀಕರಣವು ಕಲಿಯುವವರ ಮನಸ್ಸಿನಲ್ಲಿ ನಡೆಯುವ ಕೆಲಸವನ್ನು ನೆನಪಿನಿಂದ ಮೇಲಕ್ಕೆ ಹಂತಹಂತವಾಗಿ ವಿಂಗಡಿಸುತ್ತದೆಯೇ ಹೊರತು ಪ್ರಶ್ನೆಪತ್ರಿಕೆಯ ಕ್ರಿಯಾಪದಗಳನ್ನಲ್ಲ. ಒಂದು ಪ್ರಶ್ನೆಯನ್ನು ಮೊದಲ ಬಾರಿ ಕಂಡು ತಿಣುಕಾಡುವ ಹುಡುಗಿ ಯೋಚಿಸುತ್ತಿರುತ್ತಾಳೆ. ಅದೇ ಪ್ರಶ್ನೆಯ ಉತ್ತರವನ್ನು ಗೈಡಿನಿಂದ ಮೂರು ಸಲ ನಕಲು ಮಾಡಿಕೊಂಡು ಬಂದ ಹುಡುಗ ನೆನಪಿಸಿಕೊಳ್ಳುತ್ತಿರುತ್ತಾನೆ, ಅಂಕಪಟ್ಟಿಯಲ್ಲಿ ಮಾತ್ರ ಇಬ್ಬರೂ ಒಂದೇ. ಪ್ರಶ್ನೆಪತ್ರಿಕೆಯ ಅಂಕಹಂಚಿಕೆಯ ನೀಲನಕ್ಷೆಯಲ್ಲಿ ಉನ್ನತ ಆಲೋಚನೆಗೆಂದು ಮೀಸಲಿಟ್ಟ ಅಂಕಗಳು, ಪಾಸಾಗಲು ಬೇಕಾದಷ್ಟನ್ನೇ ಆಯ್ದುಕೊಡುವ ಪಾಸಿಂಗ್ ಪ್ಯಾಕೇಜಿನ ಬಾಯಿಪಾಠದೊಳಗೆ ಕರಗಿಹೋಗುವುದು ಹೀಗೆಯೇ. ಆದ್ದರಿಂದ ಶಿಕ್ಷಕರಿಗೆ ಬೇಕಾದದ್ದು, ಮಕ್ಕಳು ಹಿಂದೆಂದೂ ಕಾಣದ ಸನ್ನಿವೇಶವನ್ನು ಕ್ಷಣಮಾತ್ರದಲ್ಲಿ ಸೃಷ್ಟಿಸುವ ಮತ್ತು ಅದನ್ನು ಬೇಕಾದ ಹಾಗೆ ಬದಲಿಸಿ ನೋಡುವ ಅನುಕೂಲ. ಕಂಪ್ಯೂಟರ್ ನಿಜವಾಗಿ ನೆರವಾಗುವುದು ಇಲ್ಲಿಯೇ.

ನಿಮ್ಮದೇ ವಿಷಯದ ಒಂದು ಉದಾಹರಣೆ ಕೊಡುತ್ತೇನೆ. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದಲ್ಲಿ ವರ್ಗೀಕೃತ ದತ್ತಾಂಶದ ಕೋಷ್ಟಕ ಕೊಟ್ಟು, ಸೂತ್ರಕ್ಕೆ ಹಾಕಿ ಸರಾಸರಿ, ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ನಟ್ಟನಡುವೆ ಬರುವ ಬೆಲೆ; ಹತ್ತು ಸಂಖ್ಯೆಗಳಿದ್ದರೆ ಐದನೆಯ ಮತ್ತು ಆರನೆಯದರ ಸರಾಸರಿ), ಬಹುಲಕ (ಹೆಚ್ಚು ಸಲ ಬರುವ ಬೆಲೆ) ಕಂಡುಹಿಡಿಸುತ್ತೇವೆ. ಮಕ್ಕಳು ಲೆಕ್ಕ ಮಾಡುತ್ತಾರೆ. ಈ ಮೂರರಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಸೂತ್ರಕ್ಕೆ ಹೋಗುವ ಮೊದಲು ಒಂದು ಅವಧಿಯನ್ನು ಇದಕ್ಕೆ ಕೊಡಿ. ಒಂದು ವಿದ್ಯುತ್ ಮಗ್ಗದ ಕಾರ್ಖಾನೆ ಇದೆಯೆಂದು ಇಟ್ಟುಕೊಳ್ಳೋಣ. ಒಂಬತ್ತು ಜನ ಕೆಲಸಗಾರರ ತಿಂಗಳ ಕೂಲಿ 9,000, 10,000, 10,000, 11,000, 12,000, 12,000, 12,000, 13,000 ಮತ್ತು 14,000 ರೂಪಾಯಿ. ಮಾಲೀಕನ ಆದಾಯ 97,000. ಹತ್ತೂ ಸಂಖ್ಯೆಗಳನ್ನು ಸ್ಪ್ರೆಡ್‌ಶೀಟಿನ ಒಂದು ಕಂಬಸಾಲಿನಲ್ಲಿ ತುಂಬಿಸಿ, ಕೆಳಗೆ ಸರಾಸರಿ ಮತ್ತು ಮಧ್ಯಾಂಕದ ಸೂತ್ರ ಹಾಕಿಡಿ. ಆದರೆ ಬೋರ್ಡನ್ನು ಆಗಲೇ ಹಚ್ಚಬೇಡಿ. ಹತ್ತು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆದು, ಸರಾಸರಿ ಎಷ್ಟಿರಬಹುದೆಂಬ ಅಂದಾಜನ್ನು ಪ್ರತಿಯೊಬ್ಬರೂ ಪುಸ್ತಕದಲ್ಲಿ ಪೆನ್ನಿನಿಂದ ಬರೆಯಲಿ. ಪೆನ್ಸಿಲ್ ಬೇಡ, ಉತ್ತರ ಕಂಡೊಡನೆ ಅಳಿಸಿ ತಿದ್ದಿಕೊಳ್ಳುವ ಮಕ್ಕಳು ತಮ್ಮ ಅಂದಾಜು ಎಲ್ಲಿ ತಪ್ಪಿತೆಂದು ಹುಡುಕುವುದಿಲ್ಲ.

ಈಗ ಬೋರ್ಡ್ ಹಚ್ಚಿ. ಸರಾಸರಿ 20,000, ಮಧ್ಯಾಂಕ 12,000. ಕಾರ್ಖಾನೆಯಲ್ಲಿ 20,000 ಪಡೆಯುವವರು ಒಬ್ಬರೂ ಇಲ್ಲ, ಆದರೂ ಸರಾಸರಿ ಅಷ್ಟಿದೆ. ಮಾಲೀಕನ ಆದಾಯ 1,97,000 ಆದರೆ ಏನಾಗುತ್ತದೆ? ಮತ್ತೆ ಅಂದಾಜು ಬರೆಯಿಸಿ, ಆಮೇಲೆ ಒಬ್ಬ ವಿದ್ಯಾರ್ಥಿಯೇ ಬಂದು ಸ್ಪ್ರೆಡ್‌ಶೀಟಿನ ಆ ಒಂದು ಮನೆಯನ್ನು ಬದಲಿಸಲಿ. ಸರಾಸರಿ 30,000ಕ್ಕೆ ಏರುತ್ತದೆ, ಮಧ್ಯಾಂಕ ಅಲುಗಾಡುವುದಿಲ್ಲ. ಕೆಲಸ ಕೇಳಿಕೊಂಡು ಬಂದವನಿಗೆ ಮಾಲೀಕ ಯಾವ ಸಂಖ್ಯೆ ಹೇಳುತ್ತಾನೆ, ಕಾರ್ಮಿಕ ಸಂಘ ಯಾವುದನ್ನು ಹೇಳುತ್ತದೆ, ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ತರಗತಿಯಲ್ಲಿ ಗದ್ದಲವಾಗುತ್ತದೆ. ಆಗಲಿ.

ಕೊನೆಗೆ ಇದನ್ನು ಕೇಳಿ: ಮೊದಲಿನ ಪಟ್ಟಿಯಲ್ಲಿ ಒಬ್ಬನೇ ಒಬ್ಬ ಕೆಲಸಗಾರನ ಕೂಲಿಯನ್ನು ಬದಲಿಸಿ ಮಧ್ಯಾಂಕವನ್ನು 12,500 ಮಾಡಲು ಸಾಧ್ಯವೇ? ಮಕ್ಕಳು ಒಂದಾದ ಮೇಲೊಂದು ಸಂಖ್ಯೆ ಹೇಳುತ್ತಾರೆ, ಕೀಲಿಮಣೆಯ ಬಳಿ ಇರುವವನು ಹಾಕುತ್ತಾನೆ, ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ಯಂತ್ರ ಹೇಳುವುದಿಲ್ಲ. ನಡುವೆ 12,000 ಪಡೆಯುವವರು ಮೂವರಿರುವುದರಿಂದ ಒಬ್ಬನ ಕೂಲಿ ಎಷ್ಟೇ ಏರಿದರೂ ಐದನೆಯ ಮತ್ತು ಆರನೆಯ ಸ್ಥಾನಗಳಲ್ಲಿ 12,000 ಉಳಿದೇ ಇರುತ್ತದೆ. ಇಳಿಸಿದರಂತೂ ಮಧ್ಯಾಂಕ ಏರುವ ಮಾತೇ ಇಲ್ಲ. ಕನಿಷ್ಠ ಇಬ್ಬರ ಕೂಲಿ ಬದಲಾಗಬೇಕು, ಉದಾಹರಣೆಗೆ ಆ ಮೂವರಲ್ಲಿ ಇಬ್ಬರಿಗೆ 13,000 ಕೊಟ್ಟರೆ ಕೆಲಸವಾಗುತ್ತದೆ. 'ಸಾಧ್ಯವಿಲ್ಲ' ಎಂಬ ಉತ್ತರಕ್ಕೆ ಕಾರಣ ಕೊಡಲು ಹೊರಟ ಮಕ್ಕಳು ನಿಮ್ಮ ಪರಿವೀಕ್ಷಕರು ಹುಡುಕುತ್ತಿರುವ ಕೆಲಸವನ್ನೇ ಮಾಡುತ್ತಿರುತ್ತಾರೆ, ಪಾಠಯೋಜನೆಯಲ್ಲಿ ಯಾವ ಕ್ರಿಯಾಪದ ಬರೆದಿದ್ದರೂ ಸರಿ.

46 ಮಕ್ಕಳಿಗೆ ಒಂದೇ ಕಂಪ್ಯೂಟರ್ ಎಂಬುದು ಇಲ್ಲಿ ಅಡ್ಡಿಯೇ ಅಲ್ಲ, ಎರಡು ಷರತ್ತುಗಳನ್ನು ಪಾಲಿಸಿದರೆ. ಕೀಲಿಮಣೆಯ ಬಳಿ ನೀವು ನಿಲ್ಲಬೇಡಿ. ತರಗತಿಯ ಅತ್ಯಂತ ಚುರುಕಾದ ಹುಡುಗನನ್ನೂ ಅಲ್ಲಿ ನಿಲ್ಲಿಸಬೇಡಿ. ಅವನು ಉಳಿದವರ ಅಂದಾಜಿಗೆ ಕಾಯದೆ ಉತ್ತರ ತೋರಿಸಿಬಿಡುತ್ತಾನೆ. ನಡುವೆ ಕರೆಂಟು ಹೋದರೆ ಪಾಠ ಕರಿಹಲಗೆಯ ಮೇಲೆ ಮುಂದುವರಿಯುತ್ತದೆ, ಸ್ವಲ್ಪ ನಿಧಾನವಾಗಿ. ಕರೆಂಟು ಹೋದೊಡನೆ ನಿಂತುಹೋಗುವ ಪಾಠದಲ್ಲಿ ಮಕ್ಕಳಿಗೆ ನೋಡುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ಬಣ್ಣಬಣ್ಣದ ತ್ರೀಡಿ ವಿಡಿಯೊಗಳ ಪೆನ್‌ಡ್ರೈವ್ ಮಾರುವವರು ನಿಮ್ಮ ಶಾಲೆಗೂ ಬಂದಿರುತ್ತಾರೆ, ಅಥವಾ ಬರುತ್ತಾರೆ. ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನಕ್ಕೆ ಭಾರಿ ಹಣ ಸುರಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದಲ್ಲಿ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶಗಳು ಹೇಳಿಕೊಳ್ಳುವಂತೆ ಸುಧಾರಿಸಿಲ್ಲವೆಂದು ಆ ಪರೀಕ್ಷೆ ನಡೆಸುವ ಒಇಸಿಡಿ ಸಂಸ್ಥೆಯೇ 2015ರ ವರದಿಯಲ್ಲಿ ಹೇಳಿದೆ. ಅಷ್ಟು ಹಣವಿದ್ದ ಕಡೆಯೇ ಹೀಗಾದರೆ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಅಲ್ಪಸ್ವಲ್ಪ ಹಣವನ್ನು ವಿಡಿಯೊಗೆ ಕೊಡುವುದಕ್ಕೆ ನಾನಂತೂ ಒಪ್ಪುವುದಿಲ್ಲ.

ಆ್ಯಪ್‌ನ ಹೆಸರು ಕೇಳಿದ್ದಿರಿ. ಮೇಲಿನ ಪಾಠಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಸಾಕು. ರೇಖಾಗಣಿತಕ್ಕೆ ಜಿಯೋಜೀಬ್ರಾ ಇದೆ. ವಿಜ್ಞಾನದ ಸಹೋದ್ಯೋಗಿಗಳಿಗೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳನ್ನು ತೋರಿಸಿ. ಅವುಗಳಲ್ಲಿ ಹಲವು ಕನ್ನಡದಲ್ಲೂ ಸಿಗುತ್ತವೆ. ಶಾಲೆಯಲ್ಲಿ ಇವುಗಳನ್ನು ಬಳಸಲು ದುಡ್ಡು ಕೊಡಬೇಕಾಗಿಲ್ಲ.

ಪ್ರಶ್ನೆ: ಆಲೋಚನೆಯೇ ಮುಖ್ಯವೆಂದಾದರೆ ಮಗ್ಗಿ ಕಲಿಸುವುದನ್ನು ಬಿಡಬಹುದೇ?

ಬಿಡಬಾರದು. ಏಳೆಂಟಲ ಐವತ್ತಾರು ಎಂದು ತಡವರಿಸದೆ ಹೇಳಲಾರದ ಮಗು ಭಿನ್ನರಾಶಿಯ ಬಗ್ಗೆ ಯೋಚಿಸಲು ಕುಳಿತರೆ ಗಮನವೆಲ್ಲ ಗುಣಾಕಾರದಲ್ಲೇ ಖರ್ಚಾಗುತ್ತದೆ. ಬ್ಲೂಮ್ ವರ್ಗೀಕರಣದ ಬುಡದಲ್ಲಿ ಜ್ಞಾನ ಇರುವುದು ಅದನ್ನು ಹೀಗಳೆಯುವುದಕ್ಕಲ್ಲ.

ಪ್ರಶ್ನೆ: 'ಮಿಡ್‌ಬ್ರೇನ್ ಆಕ್ಟಿವೇಷನ್' ಶಿಬಿರದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ಓದುವುದನ್ನು ನೋಡಿದೆ. ಮಗಳನ್ನು ಸೇರಿಸಲೇ? ಬೆರಳಚ್ಚಿನಿಂದ ಬುದ್ಧಿಶಕ್ತಿ ಹೇಳುವ ಪರೀಕ್ಷೆಯೂ ಅಲ್ಲಿದೆ.

ಎರಡೂ ಮೋಸ. ಮಿಡ್‌ಬ್ರೇನ್ ಎಂಬ ಮೆದುಳಿನ ಆ ನಡುಭಾಗ ನಿಮ್ಮ ಮಗಳಲ್ಲಿ ಹುಟ್ಟಿದಾಗಿನಿಂದ ಕೆಲಸ ಮಾಡುತ್ತಿದೆ. ಕಣ್ಣಿನ ಚಲನೆಯನ್ನು ನಿಯಂತ್ರಿಸುವುದರಲ್ಲಿ ಅದಕ್ಕೂ ಪಾಲಿದೆ. ಬಟ್ಟೆ ಕಟ್ಟಿದಾಗ ಮೂಗಿನ ಪಕ್ಕದ ಸಂದಿನಿಂದ ಕೆಳಗೆ ಕಾಣಿಸುತ್ತದೆ. ಪುಸ್ತಕವನ್ನು ಮಗುವಿನ ತಲೆಯ ಹಿಂದೆ ಹಿಡಿದು ಓದಲು ಹೇಳಿ, ಅಲ್ಲಿಗೆ ಮುಗಿಯಿತು. ಮಂಗಳೂರಿನ ನರೇಂದ್ರ ನಾಯಕ್ ಅವರಂಥ ವಿಚಾರವಾದಿಗಳು ಈ ಮೋಸವನ್ನು ಬಹಿರಂಗವಾಗಿ ಬಯಲಿಗೆಳೆದಿದ್ದಾರೆ. ಬೆರಳಚ್ಚಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯಕೀಯ ಸಂಘವೂ ಹೇಳಿದೆ. ಇದರಲ್ಲಿ ನನಗೆ ಸಿಟ್ಟು ತರಿಸುವುದು ಶಿಬಿರದವರಿಗಿಂತ, ಅವರಿಗೆ ಶಾಲೆಯ ಸಭಾಂಗಣವನ್ನು ಬಿಟ್ಟುಕೊಡುವ ಮುಖ್ಯೋಪಾಧ್ಯಾಯರು. ಮಕ್ಕಳಿಗೆ ಕದ್ದು ನೋಡುವುದನ್ನೂ ಅದನ್ನು ಮುಚ್ಚಿಡುವುದನ್ನೂ ಒಟ್ಟಿಗೆ ಕಲಿಸಲು ಶಾಲೆಯೇ ಜಾಗ ಕೊಟ್ಟಂತಾಗುತ್ತದೆ.

ಪ್ರಶ್ನೆ: ಒಂದನೇ ತರಗತಿಯಿಂದಲೇ ಕೋಡಿಂಗ್ ಕಡ್ಡಾಯವೆಂದು ನಮ್ಮ ಶಾಲೆ ಶುಲ್ಕ ಕೇಳುತ್ತಿದೆ. ಇದು ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇದೆಯೇ?

ಇಲ್ಲ, 2020ರ ನೀತಿ ಕೋಡಿಂಗ್ ಚಟುವಟಿಕೆಗಳನ್ನು ಹೇಳಿರುವುದು ಆರನೇ ತರಗತಿಯಿಂದ ಆರಂಭವಾಗುವ ಹಂತಕ್ಕೆ.

ಪ್ರಶ್ನೆ: ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಎಐ ಚಾಟ್‌ಬಾಟ್‌ನಿಂದ ಮಾಡಿಸಬಹುದೇ?

ಕರಡು ಮಾಡಿಸಿ, ನೇರವಾಗಿ ಅಚ್ಚಿಗೆ ಕೊಡಬೇಡಿ. ಅದರ ಕನ್ನಡದಲ್ಲಿ ನಮ್ಮ ಪಠ್ಯಪುಸ್ತಕದ ಪಾರಿಭಾಷಿಕ ಪದಗಳು ಇರುತ್ತವೆಂಬ ಭರವಸೆಯಿಲ್ಲ, ಉತ್ತರಗಳೂ ತಪ್ಪಿರಬಹುದು. ಪ್ರತಿ ಲೆಕ್ಕವನ್ನೂ ನೀವೇ ಬಿಡಿಸಿ ನೋಡಿ. ವಿದ್ಯಾರ್ಥಿಗಳ ಹೆಸರು, ಅಂಕ, ಮನೆಯ ವಿವರಗಳನ್ನು ಅದರಲ್ಲಿ ಹಾಕಲೇಬೇಡಿ. ಅದು ತಪ್ಪಾಗಿ ಬಿಡಿಸಿದ ಲೆಕ್ಕ ಸಿಕ್ಕಿದರೆ ಎಸೆಯದೆ ಇಟ್ಟುಕೊಂಡು, ತಪ್ಪು ಯಾವ ಹಂತದಲ್ಲಿದೆ ಎಂದು ಮಕ್ಕಳಿಂದ ಹುಡುಕಿಸಿ.

ಪ್ರಶ್ನೆ: ಆಂತರಿಕ ಅಂಕಗಳಿಗಾಗಿ ಮಕ್ಕಳು ಅಂತರ್ಜಾಲದಿಂದ ಇಳಿಸಿದ ಪ್ರಾಜೆಕ್ಟ್‌ಗಳನ್ನೇ ತರುತ್ತಾರೆ. ತಡೆಯುವುದು ಹೇಗೆ?

ಎಸ್ಸೆಸ್ಸೆಲ್ಸಿಯ 100ರಲ್ಲಿ 20 ಅಂಕ ನಿಮ್ಮ ಕೈಯಲ್ಲಿರುವಾಗ 'ಜಾಗತಿಕ ತಾಪಮಾನ' ಎಂಬ ವಿಷಯ ಕೊಟ್ಟರೆ ಇಳಿಸದೆ ಇನ್ನೇನು ಮಾಡುತ್ತಾರೆ? ಅವರ ಮನೆಯ ಆರು ತಿಂಗಳ ವಿದ್ಯುತ್ ಬಿಲ್ಲನ್ನು ಕೊಟ್ಟು, ಯಾವ ತಿಂಗಳು ಏಕೆ ಏರಿತೆಂದು ಬರೆಯಲು ಹೇಳಿ.