‘ಅವಕಾಶ’ ಪದದ ನಿಜವಾದ ಅರ್ಥ ಯಾವುದು? ನಮ್ಮದಾ, ಹಿಂದಿಯವರದ್ದಾ?

ಸಂಸ್ಕೃತ ಮೂಲ ಗೊತ್ತಿದ್ದರೆ ಹಿಂದಿ ಕಲಿಯುವುದು ಸುಲಭ ಅಲ್ವಾ ಅಂತಲೂ ಕೇಳಿದ್ದೀರಿ. ನಾನೂ ಹಾಗೇ ನಂಬಿದ್ದೆ. ಅದರಿಂದ ಒಂದು ಒಳ್ಳೆಯ ಕೆಲಸ ಕೈತಪ್ಪಿತು.

ಆಗ ಭೋಪಾಲದಲ್ಲಿದ್ದೆ. ನಮ್ಮ ಕಚೇರಿಯವರು ಬೇರೆ ಊರಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅಲ್ಲಿಗೆ ಹೋಗಲು ನನಗೆ ತುಂಬಾ ಆಸೆ. ‘ನಯೀ ಶಾಖಾ ಕೇ ಲಿಯೇ ಮುಝೇ ಅವಕಾಶ್ ದಿಯಾ ಜಾಯೇ’ ಅಂತ ಅರ್ಜಿ ಬರೆದೆ. ಹಿಂದಿಯಲ್ಲಿ ಅವಕಾಶ್ ಅಂದರೆ ರಜೆ. ಅರ್ಜಿ ರಜೆಯ ಫೈಲಿಗೆ ಹೋಯಿತು. ನನಗೆ ವಿಷಯ ತಿಳಿಯುವಷ್ಟರಲ್ಲಿ ಆ ಜಾಗಕ್ಕೆ ಬೇರೊಬ್ಬರು ಹೋಗಿಯಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಯೋಚಿಸಿಯೇ ಬರೆದದ್ದು. ಅಲ್ಲಿ ‘ಅವಸರ್’ ಅನ್ನಬೇಕಿತ್ತು. ಆ ಪದ ಕಿವಿಗೆ ಬಿದ್ದಿತ್ತು ಕೂಡ. ಆದರೆ ನಮಗೆ ಅವಸರ ಅಂದರೆ ಗಡಿಬಿಡಿ. ಹಾಗೆ ಬರೆದರೆ ಇವನಿಗೆ ಆತುರ ಜಾಸ್ತಿ ಅಂದುಕೊಂಡಾರು ಅಂತ ಬಿಟ್ಟೆ. ನಿಘಂಟನ್ನೂ ನೋಡಿದೆ, ಆದರೆ ಸಂಸ್ಕೃತ ನಿಘಂಟು. ಅವಕಾಶಕ್ಕೆ ಜಾಗ, ಬಿಡುವು, ಸಂದರ್ಭ ಎಲ್ಲವೂ ಅದರಲ್ಲಿತ್ತು. ಅದೇ ಧೈರ್ಯ. ಪಕ್ಕದ ಮೇಜಿನವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮೂಲವೇ ಬೇಕೆಂದರೆ, ‘ಅವ’ದ ಜೊತೆ ‘ಕಾಶ್’ ಧಾತು ಸೇರಿ ಆದ ಪದ ಇದು. ಆಕಾಶದಲ್ಲಿರುವುದೂ ಅದೇ ಧಾತು. ತೆರಪು, ಖಾಲಿ ಜಾಗ ಅನ್ನುವ ಅರ್ಥ ನಮ್ಮ ಸ್ಥಳಾವಕಾಶ, ಕಾಲಾವಕಾಶಗಳಲ್ಲಿ ಇನ್ನೂ ಉಳಿದಿದೆ. ಕೆಲಸದ ನಡುವಿನ ತೆರಪು ಹಿಂದಿಯಲ್ಲಿ ರಜೆಯಾಯಿತು. ಏನಾದರೂ ಮಾಡಲು ಸಿಗುವ ತೆರಪು ಕನ್ನಡ, ತೆಲುಗಿನಲ್ಲಿ ಚಾನ್ಸ್ ಆಯಿತು. ಮರಾಠಿಯಲ್ಲಿ ಬಾಹ್ಯಾಕಾಶ ನೌಕೆಗೆ ‘ಅವಕಾಶಯಾನ’ ಅನ್ನುತ್ತಾರೆ. ಮಲಯಾಳದಲ್ಲಿ ಅವಕಾಶಂ ಅಂದರೆ ಹಕ್ಕು, ಮಾನವ ಹಕ್ಕು ಅವರಿಗೆ ‘ಮನುಷ್ಯಾವಕಾಶಂ’. ಅವಸರವೂ ಹೀಗೇ. ತಮಿಳಿನಲ್ಲಿ ನಮ್ಮಂತೆ ಆತುರ, ತೆಲುಗಿನಲ್ಲಿ ಅಗತ್ಯ, ಮಲಯಾಳದಲ್ಲಿ ಮಾತ್ರ ಹಿಂದಿಯಂತೆ ಚಾನ್ಸ್. ಉತ್ತರ, ದಕ್ಷಿಣ ಅಂತ ಗೆರೆ ಎಳೆದರೂ ಇಲ್ಲಿ ಲೆಕ್ಕ ಕೂಡುವುದಿಲ್ಲ.

ಹಾಗಾಗಿ ನಿಜವಾದ ಅರ್ಥ ಯಾರದ್ದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಿಂದಿಯವರು ಪದವನ್ನು ಕೆಡಿಸಿಲ್ಲ, ನಾವೂ ಕೆಡಿಸಿಲ್ಲ. ಧಾತುಗಳನ್ನು ಸುಮ್ನೆ ಬದಿಗಿಟ್ಟು ದಿನಾ ಒಂದು ಹಿಂದಿ ಪತ್ರಿಕೆ ಓದಿ. ಗೊತ್ತಿರುವಂತೆ ಕಾಣುವ ಪದಗಳಿಗೇ ಗುರುತು ಹಾಕಿ, ಗೊತ್ತಿಲ್ಲದವು ಹೇಗೂ ನಿಘಂಟಿಗೆ ಕಳಿಸುತ್ತವೆ. ‘ಶಿಕ್ಷಾ’ ಸಿಕ್ಕರೆ ಅದು ದಂಡನೆಯಲ್ಲ, ಶಿಕ್ಷಣ. ‘ಉಪನ್ಯಾಸ್’ ಸಿಕ್ಕರೆ ಭಾಷಣವಲ್ಲ, ಕಾದಂಬರಿ.