ಮಾವನ ಪೆಟ್ಟಿಗೆಯ ಟರ್ಕಿ ಕ್ಯಾಸೆಟ್

ಪ್ರಶ್ನೆ: ಸೋದರಮಾವ ಹಡಗಿನ ಕೆಲಸದಲ್ಲಿದ್ದಾಗ ತಂದ ಟರ್ಕಿ ಕ್ಯಾಸೆಟ್‌ಗಳು ಮನೆಯಲ್ಲಿವೆ. ಮೇಲೆ ಮ್ಯುಸ್ಲುಮ್ ಗ್ಯುರ್ಸೆಸ್ ಅಂತ ಹೆಸರಿದೆ. ಇಂಥವನ್ನು ಸಂಗ್ರಹಿಸಬೇಕೆಂಬ ಆಸೆ. ಅಪರೂಪದ್ದು ಯಾವುದು? ಕೆಲವಕ್ಕೆ ಬೂಷ್ಟು ಹಿಡಿದಿದೆ, ಏನು ಮಾಡಲಿ?
– ಓದುಗ, ಕಾರವಾರ

ಉತ್ತರ: ಮಾವನವರ ಕಿವಿ ಚೆನ್ನಾಗಿತ್ತು ಬಿಡಿ! ಇದು ಅರಬೆಸ್ಕ್. 1960ರ ದಶಕದ ಕೊನೆಗೆ, ಹಳ್ಳಿ ಬಿಟ್ಟು ಇಸ್ತಾಂಬುಲ್‌ಗೆ ದುಡಿಯಲು ಬಂದವರ ನಡುವೆ ಬೆಳೆದ ಸಂಗೀತ. ಸರ್ಕಾರಿ ರೇಡಿಯೋ ಇದನ್ನು ಬಹುಕಾಲ ದೂರವೇ ಇಟ್ಟಿತ್ತು, ಹಾಗಾಗಿ ಕ್ಯಾಸೆಟ್ಟು, ಮಿನಿಬಸ್ಸುಗಳಲ್ಲೇ ಊರೂರು ಸುತ್ತಿತು. ದೊಡ್ಡ ಹೆಸರು ಓರ್ಹಾನ್ ಗೆನ್ಜೆಬಾಯ್. ತಮಾಷೆ ಅಂದ್ರೆ ಅವರಿಗೆ 'ಅರಬೆಸ್ಕ್' ಎಂಬ ಹಣೆಪಟ್ಟಿಯೇ ಇಷ್ಟವಿಲ್ಲ. ಫೆರ್ದಿ ತಾಯ್‌ಫುರ್, ಇಬ್ರಾಹಿಂ ತಾತ್ಲಿಸೆಸ್ ಕೂಡ ಬೇಕು. 1989ರಲ್ಲಿ ಮಾಜಿ ಗಂಡನಿಂದಲೇ ಕೊಲೆಯಾದ ಗಾಯಕಿ ಬೆರ್ಗೆನ್‌ರನ್ನಂತೂ ಬಿಡಬೇಡಿ. ನನಗೆ ಹೆಚ್ಚು ಹಿಡಿಸುವುದು 2013ರಲ್ಲಿ ತೀರಿಕೊಂಡ ಗ್ಯುರ್ಸೆಸ್ ಅವರ ಹಳೆಯ ದನಿ.

ಇವರ ಜನಪ್ರಿಯ ಕ್ಯಾಸೆಟ್‌ಗಳು ರಾಶಿಗಟ್ಟಲೆ ಮಾರಾಟವಾದವು, ಅವಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ. ಹುಡುಕಬೇಕಾದ್ದು ಶುರುವಿನ ವರ್ಷಗಳ ಸಣ್ಣ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು ತಿರುಗುವ) ರೆಕಾರ್ಡುಗಳನ್ನು. ಜರ್ಮನಿಗೆ ದುಡಿಯಲು ಹೋದ ಟರ್ಕಿಯವರಿಗಾಗಿ ಅಲ್ಲೇ ಹೊರಬಂದವೂ ಇವೆ. ಕಲೋನ್‌ನ ಟ್ಯುರ್ಕ್ಯುಓಲಾ ಕಂಪನಿಯ ಲೇಬಲ್ ಕಂಡರೆ ಕೈಗೆತ್ತಿಕೊಂಡು ನೋಡಿ.

ಬೂಷ್ಟು ಹಿಡಿದದ್ದನ್ನು ಒಳ್ಳೆ ಪ್ಲೇಯರ್‌ಗೆ ಹಾಕಲೇಬೇಡಿ, ಅದು ಟೇಪ್ ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬೇರೆ ಇಡಿ, ಪರಿಣತರಿಂದ ಸ್ವಚ್ಛ ಮಾಡಿಸಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಉಳಿದವನ್ನು ಮಳೆಗಾಲಕ್ಕೆ ಮೊದಲೇ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ನೆಟ್ಟಗೆ ನಿಲ್ಲಿಸಿಡಿ. ನಮ್ಮ ಕರಾವಳಿಯಲ್ಲಿ ಗೋಡೆಗೆ ತಾಗಿದ ಕಪಾಟು ಬೇಡವೇ ಬೇಡ.